ತಾರೀಖಿನ ಗೆರೆ ಬದಲಾಯಿತು, ಬಟವಾಡೆ ಫೈಲ್ ಕಾಣೆಯಾಯಿತು: ಎಕ್ಸೆಲ್ ಮ್ಯಾಕ್ರೋ ಪ್ರಕರಣವೊಂದರ ಅಧ್ಯಯನ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘದ ಪ್ರಕರಣ ಇದು. ಅಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು, ದರ ಎಷ್ಟು, ಎಲ್ಲವೂ ಒಂದು ಎಕ್ಸೆಲ್ ವರ್ಕ್‌ಬುಕ್‌ನಲ್ಲಿ ಸೇರುತ್ತವೆ. ಅವಧಿ ಮುಗಿದ ದಿನ ಕಾರ್ಯದರ್ಶಿ ಮೊದಲು ಪಟ್ಟಿಯ ಪ್ರಿಂಟ್ ತೆಗೆಯುತ್ತಾರೆ, ಆಮೇಲೆ ಒಂದು ಬಟನ್ ಒತ್ತುತ್ತಾರೆ. ಆಗ ಓಡುವ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಬರೆದಿಟ್ಟ ಚಿಕ್ಕ ಪ್ರೋಗ್ರಾಂ, ಬಟವಾಡೆ ಶೀಟನ್ನು ಹೊಸ ವರ್ಕ್‌ಬುಕ್‌ಗೆ ನಕಲು ಮಾಡುತ್ತದೆ. ಸೂತ್ರಗಳನ್ನು ತೆಗೆದು ಬರೀ ಅಂಕಿ ಉಳಿಸುತ್ತದೆ. ತಾರೀಖು ಸೇರಿಸಿದ ಹೆಸರಿನಲ್ಲಿ ಅದನ್ನು ಒಂದು ಫೋಲ್ಡರ್‌ಗೆ ಸೇವ್ ಮಾಡುತ್ತದೆ. ಕೊನೆಗೆ ಮೂಲ ಶೀಟನ್ನು ಖಾಲಿ ಮಾಡಿ ಮುಂದಿನ ಅವಧಿಗೆ ಸಿದ್ಧ ಮಾಡುತ್ತದೆ.

ಈ ಕೊನೆಯ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಿ. ಮೂಲ ಶೀಟ್ ಖಾಲಿಯಾದ ಮೇಲೆ ಆ ಅವಧಿಯ ಲೆಕ್ಕ ಕಂಪ್ಯೂಟರಿನಲ್ಲಿ ಉಳಿಯುವುದು ಸೇವ್ ಆದ ಆ ಒಂದು ಫೈಲ್‌ನಲ್ಲಿ ಮಾತ್ರ.

ಹಳೆಯ ಕಂಪ್ಯೂಟರಿನಲ್ಲಿ ಇದೆಲ್ಲ ಯಾವ ತೊಂದರೆಯೂ ಇಲ್ಲದೆ ನಡೆದಿತ್ತು. ಅದು ಕೆಟ್ಟಿತು, ಹೊಸದು ಬಂತು. ಮೊದಲ ಬಟವಾಡೆಯ ದಿನವೇ ಬಟನ್ ಒತ್ತಿದಾಗ 1004 ಸಂಖ್ಯೆಯ ಎರರ್ ಬಂತು. ಯಾರನ್ನೋ ಕರೆಸಿ ರಿಪೇರಿ ಮಾಡಿಸಿದರು. ಎರರ್ ಹೋಯಿತು. ಬಟನ್ ಒತ್ತಿದರೆ ಶೀಟ್ ಖಾಲಿಯಾಗುತ್ತಿತ್ತು, ಎಲ್ಲ ಸರಿಯಾಗಿದೆ ಅಂತಲೇ ಎಲ್ಲರೂ ಅಂದುಕೊಂಡರು. ಆಡಿಟ್‌ಗೆ ಅವಧಿವಾರು ಫೈಲ್ ಕೇಳಿದಾಗ ಫೋಲ್ಡರ್ ತೆರೆದು ನೋಡಿದರೆ, ಹೊಸ ಕಂಪ್ಯೂಟರ್ ಬಂದ ಮೇಲಿನ ಒಂದು ಫೈಲೂ ಅಲ್ಲಿರಲಿಲ್ಲ. ಆಗ ನನಗೆ ಫೋನ್ ಬಂತು.

ಎರರ್ ಹೋಗಿದ್ದು ಹೇಗೆ

ಕೋಡ್ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ರಿಪೇರಿ ಮಾಡಿದವರು ಸೇರಿಸಿದ ಒಂದು ಸಾಲು: ಆನ್ ಎರರ್ ರೆಸ್ಯೂಮ್ ನೆಕ್ಸ್ಟ್. ಎರರ್ ಬಂದರೆ ಲೆಕ್ಕಿಸದೆ ಮುಂದಿನ ಸಾಲಿಗೆ ಹೋಗು ಅನ್ನುವುದು ಅದರ ಕೆಲಸ. ಇದರಿಂದ ಆದದ್ದಿಷ್ಟು. ಸೇವ್ ಆಗಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ. ನಕಲು ಮಾಡಿದ ವರ್ಕ್‌ಬುಕ್ ಸೇವ್ ಆಗದೆಯೇ ಮುಚ್ಚಿತು. ಮೂಲ ಶೀಟ್ ಖಾಲಿಯಾಯಿತು. ಪ್ರತಿ ಬಟವಾಡೆಗೂ ಇದೇ ಆಗಿದೆ.

ಈ ಸಾಲಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹಣದ ಲೆಕ್ಕ ಸೇವ್ ಮಾಡುವ ಮ್ಯಾಕ್ರೋದಲ್ಲಿ ಅದಕ್ಕೆ ಜಾಗವೇ ಇರಬಾರದು. 1004 ಎರರ್ ಬಂದು ಮ್ಯಾಕ್ರೋ ನಿಂತಿದ್ದರೆ ಶೀಟ್ ಖಾಲಿಯಾಗುತ್ತಿರಲಿಲ್ಲ, ಲೆಕ್ಕ ಅಲ್ಲೇ ಉಳಿಯುತ್ತಿತ್ತು. ಆ ಎರರೇ ಲೆಕ್ಕವನ್ನು ಕಾಯುತ್ತಿತ್ತು.

ಆ ಸಾಲನ್ನು ತೆಗೆದು ಒಂದು ನಕಲು ವರ್ಕ್‌ಬುಕ್‌ನಲ್ಲಿ ಮತ್ತೆ ಓಡಿಸಿದೆ. 1004 ಬಂತು. ಎಕ್ಸೆಲ್ ಅದರ ಜೊತೆ ಕೊಡುವ ಕಾರಣಗಳೇ ಜನರ ದಾರಿ ತಪ್ಪಿಸುತ್ತವೆ. ಫೈಲ್ ಹೆಸರು ಅಥವಾ ಪಾತ್ (ಫೈಲ್ ಇರುವ ಫೋಲ್ಡರಿನ ಪೂರ್ತಿ ವಿಳಾಸ) ಇಲ್ಲದಿರಬಹುದು, ಬೇರೆ ಪ್ರೋಗ್ರಾಂ ಆ ಫೈಲನ್ನು ಬಳಸುತ್ತಿರಬಹುದು, ಅದೇ ಹೆಸರಿನ ವರ್ಕ್‌ಬುಕ್ ಈಗಾಗಲೇ ತೆರೆದಿರಬಹುದು ಅನ್ನುತ್ತದೆ. ಓದಿದವರು ಫೋಲ್ಡರ್ ಇದೆಯಾ ಅಂತ ನೋಡುತ್ತಾರೆ. ಇದೆ. ಎಲ್ಲ ಫೈಲ್ ಮುಚ್ಚಿ ನೋಡುತ್ತಾರೆ. ಆದರೂ ಎರರ್. ಆಮೇಲೆ ಕೈಚೆಲ್ಲುತ್ತಾರೆ.

ಒಂದು ಸಾಲು, ಎರಡು ಕಂಪ್ಯೂಟರ್

ಹೆಸರು ಕಟ್ಟುವ ಸಾಲು ಹೀಗಿತ್ತು. ಕೋಡ್‌ನ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಎಡಿಟರ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಹೆಸರು = "ಬಟವಾಡೆ_" & ಫಾರ್ಮ್ಯಾಟ್(ಡೇಟ್, "ಡಿಡಿ/ಎಂಎಂ/ವೈವೈವೈವೈ") & ".ಎಕ್ಸ್‌ಎಲ್‌ಎಸ್‌ಎಕ್ಸ್"

ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಬರಬಾರದ ಚಿಹ್ನೆಗಳು ಒಂಬತ್ತು: \ / : * ? " < > |. ಈ ಸಾಲಿನಲ್ಲಿ / ಎರಡು ಕಡೆ ಇದೆ. ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ಅಷ್ಟು ದಿನ ಹೇಗೆ ನಡೆಯಿತು? ಹಳೆಯ ಫೋಲ್ಡರಿನ ಹೆಸರುಗಳನ್ನು ನೋಡಿದರೆ "ಬಟವಾಡೆ_15-04-2024" ಅಂತ ಇದೆ. ಕೋಡ್‌ನಲ್ಲಿ ಓರೆಗೆರೆ, ಫೈಲ್‌ನಲ್ಲಿ ಅಡ್ಡಗೆರೆ.

ಕಾರಣ ಫಾರ್ಮ್ಯಾಟ್ ಅನ್ನುವ ಫಂಕ್ಷನ್ನಿನ ಒಳಗಿದೆ. ಅದರಲ್ಲಿ / ಅಂದರೆ ಓರೆಗೆರೆ ಅಂತ ಅರ್ಥವಲ್ಲ. ಈ ಕಂಪ್ಯೂಟರಿನಲ್ಲಿ ದಿನ, ತಿಂಗಳು, ವರ್ಷದ ಮಧ್ಯೆ ಯಾವ ಗೆರೆ ಹಾಕುತ್ತಾರೋ ಅದನ್ನು ಹಾಕು ಅಂತ ಅರ್ಥ. ಆ ಗೆರೆ ಯಾವುದು ಅನ್ನುವುದನ್ನು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಹೇಳುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ರೀಜನ್ ಇಂಗ್ಲಿಷ್ ಇಂಡಿಯಾ ಇತ್ತು, ಅಲ್ಲಿ ಗೆರೆ ಅಡ್ಡಗೆರೆ. ಹೊಸದರಲ್ಲಿ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇತ್ತು, ಅಲ್ಲಿ ಓರೆಗೆರೆ. ಅದೇ ಸಾಲು ಅಲ್ಲಿ 15-04-2024 ಕೊಟ್ಟಿತು, ಇಲ್ಲಿ 15/04/2024 ಕೊಟ್ಟಿತು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಪಾತ್‌ನಲ್ಲಿ / ಸಿಕ್ಕರೆ ವಿಂಡೋಸ್ ಅದನ್ನು ಫೋಲ್ಡರ್ ಬೇರೆ ಮಾಡುವ ಗುರುತು ಅಂತಲೇ ಓದುತ್ತದೆ. ಅಂದರೆ "ಬಟವಾಡೆ_15" ಅನ್ನುವ ಫೋಲ್ಡರ್, ಅದರೊಳಗೆ "04" ಅನ್ನುವ ಇನ್ನೊಂದು ಫೋಲ್ಡರ್, ಅದರೊಳಗೆ "2024" ಅನ್ನುವ ಫೈಲ್. ಅಂಥ ಫೋಲ್ಡರ್ ಇಲ್ಲ, ಹಾಗಾಗಿ ಎರರ್. ಎಕ್ಸೆಲ್ ಹೇಳಿದ ಮೊದಲನೆಯ ಕಾರಣ ಸರಿಯಾಗಿಯೇ ಇತ್ತು. ಯಾವ ಪಾತ್ ಇಲ್ಲ ಅನ್ನುವುದು ಮಾತ್ರ ನೋಡುವವರಿಗೆ ಕಾಣುತ್ತಿರಲಿಲ್ಲ.

ಅನುಮಾನ ಬಗೆಹರಿಸಿಕೊಳ್ಳಲು ರೀಜನ್ ಇಂಡಿಯಾಕ್ಕೆ ಬದಲಿಸಿ ಓಡಿಸಿದೆ. ಸೇವ್ ಆಯಿತು. ಮತ್ತೆ ಯುನೈಟೆಡ್ ಸ್ಟೇಟ್ಸ್ ಮಾಡಿದೆ. ಎರರ್ ಬಂತು. ಹಾಗಾದರೆ ರೀಜನ್ ಇಂಡಿಯಾ ಮಾಡಿ ಬಿಟ್ಟರೆ ಸಾಕಲ್ವಾ? ಸಾಕಾಗದು. ನಾಳೆ ವಿಂಡೋಸ್ ಮತ್ತೆ ಹಾಕಿಸಿದರೆ, ಪಕ್ಕದ ಊರಿನ ಸಂಘದವರು ಇದೇ ವರ್ಕ್‌ಬುಕ್ ಒಯ್ದರೆ, ಅದೇ ಕಥೆ. ಫೈಲ್ ಹೆಸರಿನ ಒಂದು ತುಂಡನ್ನೂ ಕಂಪ್ಯೂಟರಿನ ಸೆಟ್ಟಿಂಗ್‌ಗೆ ಬಿಡಬಾರದು. ಪ್ರತಿ ತುಂಡೂ ಎಲ್ಲಿಂದ ಬರುತ್ತದೆ ಅನ್ನುವುದು ಕೋಡ್‌ನಲ್ಲಿ ನೋಡಿದ ತಕ್ಷಣ ತಿಳಿಯಬೇಕು. ಮ್ಯಾಕ್ರೋವನ್ನು ಈ ಮಾತಿನ ಮೇಲೆ ಹೊಸದಾಗಿ ಬರೆದೆ.

ತಾರೀಖು ಟೈಪ್ ಮಾಡಿಸಬೇಡಿ

ಹಳೆಯ ಸಾಲಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಡೇಟ್ ಅಂದರೆ ಇವತ್ತಿನ ದಿನ. 15ಕ್ಕೆ ಮುಗಿದ ಅವಧಿಯ ಬಟವಾಡೆಯನ್ನು 17ಕ್ಕೆ ಮಾಡಿದರೆ ಹೆಸರಿನಲ್ಲಿ 17 ಬರುತ್ತದೆ. ಅದೇ ಅವಧಿಯನ್ನು ತಿದ್ದಿ 18ಕ್ಕೆ ಮತ್ತೆ ಸೇವ್ ಮಾಡಿದರೆ ಎರಡು ಫೈಲ್, ಎರಡಕ್ಕೂ ಬೇರೆ ಬೇರೆ ತಾರೀಖು. ಯಾವುದು ಯಾವ ಅವಧಿಯದು ಅನ್ನುವುದು ಹೆಸರಿನಿಂದ ಗೊತ್ತಾಗುವುದಿಲ್ಲ. ಬಟನ್ ಒತ್ತಿದ ದಿನಕ್ಕೂ ಲೆಕ್ಕಕ್ಕೂ ಸಂಬಂಧವಿಲ್ಲ. ಹೆಸರು ಶೀಟಿನಲ್ಲಿರುವ ಅವಧಿಯಿಂದಲೇ ಹುಟ್ಟಬೇಕು.

ಹಾಗಂತ ಒಂದು ಸೆಲ್‌ನಲ್ಲಿ ತಾರೀಖು ಟೈಪ್ ಮಾಡಿಸಿದರೆ ಅದೇ ರೀಜನ್ ಮತ್ತೆ ಅಡ್ಡ ಬರುತ್ತದೆ. ಯುನೈಟೆಡ್ ಸ್ಟೇಟ್ಸ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 05-04-2024 ಅಂತ ಹೊಡೆದರೆ ಎಕ್ಸೆಲ್ ಅದನ್ನು ಮೇ 4 ಅಂತ ತೆಗೆದುಕೊಳ್ಳುತ್ತದೆ. 15-04-2024 ಅಂತ ಹೊಡೆದರೆ ಹದಿನೈದನೇ ತಿಂಗಳು ಇಲ್ಲದ್ದರಿಂದ ತಾರೀಖು ಅಂತ ಒಪ್ಪದೆ ಬರೀ ಪಠ್ಯವಾಗಿ ಇಡುತ್ತದೆ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿದ್ದರೆ ಪಠ್ಯ, ಬಲಕ್ಕಿದ್ದರೆ ತಾರೀಖು. ಪಠ್ಯವನ್ನು ಕೋಡ್‌ನಲ್ಲಿ ತಾರೀಖಾಗಿ ಪರಿವರ್ತಿಸಿದರೂ ಕಷ್ಟ ತಪ್ಪದು. "15/04/2024" ಕೊಟ್ಟರೆ ಅದು ತಿಂಗಳನ್ನೂ ದಿನವನ್ನೂ ತಾನೇ ಅದಲುಬದಲು ಮಾಡಿ ಏಪ್ರಿಲ್ 15 ಅನ್ನುತ್ತದೆ. "05/04/2024" ಕೊಟ್ಟರೆ ಮೇ 4 ಅನ್ನುತ್ತದೆ. ಕೆಲವು ಸರಿ, ಕೆಲವು ತಪ್ಪು, ಎರರ್ ಮಾತ್ರ ಇಲ್ಲ. ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ.

ಅದಕ್ಕೇ ತಾರೀಖು ಟೈಪ್ ಮಾಡುವ ಕೆಲಸವನ್ನೇ ತೆಗೆದುಬಿಟ್ಟೆ. "ಸೆಟ್ಟಿಂಗ್" ಅನ್ನುವ ಶೀಟಿನಲ್ಲಿ ಮೂರು ಸೆಲ್: ವರ್ಷ, ತಿಂಗಳು, ಅವಧಿ. ಮೂರಕ್ಕೂ ಡ್ರಾಪ್‌ಡೌನ್ ಪಟ್ಟಿ. ಅವಧಿಯಲ್ಲಿ 1 ಅಥವಾ 2. ಕೋಡ್ ಇವನ್ನು ಮೂರು ವೇರಿಯಬಲ್‌ಗಳಿಗೆ (ಕೋಡ್ ಮೌಲ್ಯ ಇಟ್ಟುಕೊಳ್ಳುವ ಹೆಸರುಗಳಿಗೆ) ತುಂಬಿಕೊಂಡು ಡೇಟ್‌ಸೀರಿಯಲ್ ಫಂಕ್ಷನ್‌ನಿಂದ ಅವಧಿಯ ಕೊನೆಯ ದಿನವನ್ನು ಕಟ್ಟುತ್ತದೆ. ಅವಧಿ 1 ಆದರೆ ಆ ತಿಂಗಳ 15. ಅವಧಿ 2 ಆದರೆ ಮುಂದಿನ ತಿಂಗಳ ಸೊನ್ನೆಯನೇ ದಿನ. ಸೊನ್ನೆ ಕೊಟ್ಟರೆ ಡೇಟ್‌ಸೀರಿಯಲ್ ಒಂದು ದಿನ ಹಿಂದಕ್ಕೆ ಬಂದು ಈ ತಿಂಗಳ ಕೊನೆಯ ದಿನ ಕೊಡುತ್ತದೆ. 30, 31, ಫೆಬ್ರವರಿ 28, 2024ರ ಫೆಬ್ರವರಿ 29, ಯಾವುದನ್ನೂ ನಾವು ನೆನಪಿಡಬೇಕಿಲ್ಲ. ರೀಜನ್ ಏನೇ ಇರಲಿ, ವರ್ಷ, ತಿಂಗಳು, ದಿನ ಬೇರೆ ಬೇರೆಯಾಗಿ ಕೊಟ್ಟ ಮೇಲೆ ಗೊಂದಲಕ್ಕೆ ಜಾಗವಿಲ್ಲ.

ಆ ದಿನವನ್ನು ಹೆಸರಿಗೆ ತರುವಾಗ "ವೈವೈವೈವೈ-ಎಂಎಂ-ಡಿಡಿ" ಅನ್ನುವ ರೂಪ. ಫಾರ್ಮ್ಯಾಟ್ ಒಳಗೆ ಅಡ್ಡಗೆರೆ ಅಂದರೆ ಅಡ್ಡಗೆರೆಯೇ, ಅದು ಬದಲಾಗುವುದಿಲ್ಲ. ಮುಂದೆ ಯಾರಾದರೂ ಹೆಸರಿಗೆ ಸಮಯವನ್ನೂ ಸೇರಿಸುವುದಾದರೆ ನಿಮಿಷಕ್ಕೆ ಎನ್‌ಎನ್ ಬಳಸಲಿ. ಎಂಎಂ ತಿಂಗಳಿನದು. ಗಂಟೆಯ ಎಚ್‌ಎಚ್ ಪಕ್ಕದಲ್ಲಿ ಬಂದಾಗ ಮಾತ್ರ ಅದು ನಿಮಿಷವಾಗುತ್ತದೆ, ಜಾಗ ಸ್ವಲ್ಪ ಬದಲಾದರೂ ನಿಮಿಷದ ಬದಲು ತಿಂಗಳು ಬಂದು ಕೂರುತ್ತದೆ.

ವರ್ಷ ಮೊದಲು ಬರುವುದಕ್ಕೆ ಕಾರ್ಯದರ್ಶಿಯವರು ಒಪ್ಪಲಿಲ್ಲ. "ತಾರೀಖು ಮೊದ್ಲು ಇದ್ರೆ ಓದೋಕೆ ಸಲೀಸು ಅಲ್ವಾ ಸಾರ್?" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು, ನಾವೆಲ್ಲ ಹಾಗೇ ಬರೆಯುವುದು. "ಅಕ್ಕಾ, ಹಳೇ ಫೋಲ್ಡರ್ ಒಂದ್ಸಲ ನೋಡಿ" ಅಂದೆ. ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಜನವರಿ 15, ಫೆಬ್ರವರಿ 15, ಮಾರ್ಚ್ 15 ಹೀಗೆ ಬಂದು, ತಿಂಗಳ ಕೊನೆಯವೆಲ್ಲ ಕೆಳಗೆ ಎಲ್ಲೋ ಇದ್ದವು. "ಓ, ಹದಿನೈದನೇ ತಾರೀಖೆಲ್ಲ ಒಂದೇ ಕಡೆ ಕೂತವೆ" ಅಂದರು. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಹೆಸರಿಟ್ಟರೆ ಅಕ್ಷರದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇದೇ ಕ್ರಮ ಇದೆ.

ಕನ್ನಡದ ಹೆಸರು ಬೇಕು

ಹಳೆಯ ಕೋಡ್‌ನಲ್ಲಿ ಬಟವಾಡೆ ಅನ್ನುವುದು ಇಂಗ್ಲಿಷ್ ಅಕ್ಷರದಲ್ಲಿತ್ತು. ಫೈಲ್ ಹೆಸರು ಕನ್ನಡದಲ್ಲೇ ಇರಲಿ ಅಂತ ಕಾರ್ಯದರ್ಶಿಯವರು ಕೇಳಿದರು. ಸಂಘದ ಎಲ್ಲ ಪುಸ್ತಕಗಳೂ ಕನ್ನಡದಲ್ಲಿವೆ. ಕೇಳಿದ್ದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಮ್ಯಾಕ್ರೋ ಬರೆಯುವವರು ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎದ ಎಡಿಟರ್‌ನಲ್ಲಿ "ಬಟವಾಡೆ" ಅಂತ ಅಂಟಿಸಿ ನೋಡಿ. ಆರು ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ: "??????". ಬ, ಟ, ವ, ಇಳಿ, ಡ, ಎತ್ವ, ಒಂದೊಂದಕ್ಕೂ ಒಂದು. ಆ ಎಡಿಟರ್ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) ಅರಿಯದ ಹಳೆಯ ಕಾಲದ್ದು. ಅದು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳ (ಕೆಲವು ಭಾಷೆಗಳ ಅಕ್ಷರಪಟ್ಟಿಗಳ) ಮೂಲಕ ಅಕ್ಷರ ತೋರಿಸುತ್ತದೆ, ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಬಂದದ್ದೇ ಯೂನಿಕೋಡ್ ಮೂಲಕ. ಇನ್ನೂ ಕೆಟ್ಟದ್ದೆಂದರೆ, ಪ್ರಶ್ನಾರ್ಥಕ ಚಿಹ್ನೆ ಫೈಲ್ ಹೆಸರಿಗೆ ಬರಬಾರದ ಆ ಒಂಬತ್ತರಲ್ಲಿ ಒಂದು. ಹಾಗಾಗಿ ಮತ್ತೆ ಎರರ್.

ಆದರೆ ತೊಂದರೆ ಎಡಿಟರ್‌ನದು ಮಾತ್ರ. ಎಕ್ಸೆಲ್ ಸೆಲ್‌ಗಳಿಗೆ ಯೂನಿಕೋಡ್ ಗೊತ್ತು. ವಿಬಿಎದಲ್ಲಿ ಪಠ್ಯ ಇಡುವ ಸ್ಟ್ರಿಂಗ್ ವೇರಿಯಬಲ್ ಕೂಡ ಒಳಗಡೆ ಯೂನಿಕೋಡೇ. ಅದಕ್ಕೇ ಕನ್ನಡದ ಪದವನ್ನು ಕೋಡ್‌ನಲ್ಲಿ ಬರೆಯಬಾರದು, ಸೆಲ್‌ನಲ್ಲಿ ಬರೆಯಬೇಕು. ಸೆಟ್ಟಿಂಗ್ ಶೀಟಿನ ಒಂದು ಸೆಲ್‌ನಲ್ಲಿ "ಬಟವಾಡೆ" ಅಂತ ಇಟ್ಟು, ಆ ಸೆಲ್‌ನ ವ್ಯಾಲ್ಯೂವನ್ನು ವೇರಿಯಬಲ್‌ಗೆ ಓದಿಕೊಂಡರೆ ಸೇವ್‌ಆ್ಯಸ್ (ಕೊಟ್ಟ ಹೆಸರಿನಲ್ಲಿ ಸೇವ್ ಮಾಡುವ ಆಜ್ಞೆ) ಸರಿಯಾದ ಕನ್ನಡ ಹೆಸರಿನಲ್ಲೇ ಸೇವ್ ಮಾಡುತ್ತದೆ. ವ್ಯಾಲ್ಯೂ ಅಂದೆ, ಟೆಕ್ಸ್ಟ್ ಅಲ್ಲ. ಟೆಕ್ಸ್ಟ್ ಅಂದರೆ ಪರದೆಯ ಮೇಲೆ ಕಾಣುವುದು. ಸಂಖ್ಯೆಯೋ ತಾರೀಖೋ ಇರುವ ಕಾಲಂ ಕಿರಿದಾಗಿದ್ದರೆ ಅಲ್ಲಿ ಕಾಣುವುದು ########, ಟೆಕ್ಸ್ಟ್ ಕೊಡುವುದೂ ಅದನ್ನೇ.

ಸೆಲ್‌ನಲ್ಲಿರುವುದು ಯೂನಿಕೋಡ್ ಕನ್ನಡವೇ ಅನ್ನುವುದನ್ನೂ ನೋಡಿಕೊಳ್ಳಬೇಕು. ಈ ಸಂಘದ ಶೀಟಿನ ತಲೆಬರಹಗಳು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಒಳಗಡೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅದನ್ನೇ ಹೆಸರಿಗೆ ಬಳಸಿದರೆ ಫೋಲ್ಡರಿನಲ್ಲಿ ಓದಲಾಗದ ಹೆಸರು ಬರುತ್ತದೆ. ಹಾಗಾಗಿ ಹೆಸರಿಗೆ ಬೇಕಾದ ಪದವನ್ನು ಯೂನಿಕೋಡ್‌ನಲ್ಲಿ ಬೇರೆಯಾಗಿ ಟೈಪ್ ಮಾಡಿದೆ.

ಇನ್ನು ಎರಡು ಹಳೆಯ ಫಂಕ್ಷನ್‌ಗಳಿಗೂ ಕನ್ನಡ ಬಾರದು. ಫೈಲ್ ಇದೆಯಾ ಅಂತ ನೋಡಲು ಎಲ್ಲರೂ ಬಳಸುವ ಡಿಐಆರ್ ಕನ್ನಡ ಹೆಸರಿನ ಮುಂದೆ ಸೋಲುತ್ತದೆ. ಅದರ ಬದಲು ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನ ಫೈಲ್‌ಎಕ್ಸಿಸ್ಟ್ಸ್ ಬಳಸಿದೆ, ಅದು ಯೂನಿಕೋಡ್ ಹೆಸರನ್ನು ಸರಿಯಾಗಿ ನೋಡುತ್ತದೆ. ಮೆಸೇಜ್‌ಬಾಕ್ಸ್ ಕೂಡ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಯಾಗಿಯೇ ತೋರಿಸುತ್ತದೆ. ಇದನ್ನು ನೋಡಿ ಹೆಸರೇ ಕೆಟ್ಟಿದೆ ಅಂತ ಗಾಬರಿಯಾಗುವವರಿದ್ದಾರೆ. ಕಟ್ಟಿದ ಹೆಸರನ್ನು ಬಾಕ್ಸ್‌ನಲ್ಲಿ ತೋರಿಸುವ ಬದಲು ಸೆಟ್ಟಿಂಗ್ ಶೀಟಿನ ಒಂದು ಸೆಲ್‌ಗೆ ಬರೆಸಿದೆ. ಸೇವ್ ಆಗುವ ಮೊದಲು ಪೂರ್ತಿ ಪಾತ್ ಅಲ್ಲಿ ಕಾಣುತ್ತದೆ. ಮೊದಲೇ ಹೀಗೆ ಮಾಡಿದ್ದರೆ 15/04/2024 ಅನ್ನುವುದನ್ನು ಯಾರಾದರೂ ಮೊದಲ ದಿನವೇ ನೋಡುತ್ತಿದ್ದರು.

ಜೋಡಣೆ

ಈಗ ತುಂಡುಗಳೆಲ್ಲ ಕೈಯಲ್ಲಿವೆ. ಮುಖ್ಯ ಸಾಲು ಇಷ್ಟೇ:

ಪೂರ್ತಿಹೆಸರು = ಫೋಲ್ಡರ್ & "\" & ಪದ & "_" & ಫಾರ್ಮ್ಯಾಟ್(ಕೊನೆದಿನ, "ವೈವೈವೈವೈ-ಎಂಎಂ-ಡಿಡಿ") & ".ಎಕ್ಸ್‌ಎಲ್‌ಎಸ್‌ಎಕ್ಸ್"

ಫೋಲ್ಡರ್ ಮುಂದಿನ \ ಮರೆತರೆ ಎರರ್ ಬರುವುದಿಲ್ಲ. ಫೋಲ್ಡರಿನ ಹೆಸರು ಫೈಲಿನ ಹೆಸರಿಗೆ ಅಂಟಿಕೊಂಡು ಒಂದು ಹಂತ ಮೇಲಿನ ಫೋಲ್ಡರಿನಲ್ಲಿ ಸೇವ್ ಆಗುತ್ತದೆ. ಹುಡುಕಿದರೆ ಸಿಗುವುದಿಲ್ಲ. ವೇರಿಯಬಲ್‌ನ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಬಾರದು, ಹಾಕಿದರೆ ಅದು ಬರೀ ಅಕ್ಷರ. ಎಲ್ಲಕ್ಕಿಂತ ಮೊದಲು ಮಾಡ್ಯೂಲ್‌ನ ತಲೆಯಲ್ಲಿ ಆಪ್ಷನ್ ಎಕ್ಸ್‌ಪ್ಲಿಸಿಟ್ ಇರಬೇಕು. ಅದಿಲ್ಲದಿದ್ದರೆ ವೇರಿಯಬಲ್‌ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ವಿಬಿಎ ಸುಮ್ನೆ ಹೊಸ ಖಾಲಿ ವೇರಿಯಬಲ್ ಮಾಡಿಕೊಂಡು ಮುಂದೆ ಹೋಗುತ್ತದೆ, ಫೈಲ್ ಹೆಸರಿನ ಒಂದು ಭಾಗ ಮಾಯ.

ಫೋಲ್ಡರಿನ ಪಾತ್ ಹಳೆಯ ಕೋಡ್‌ನಲ್ಲೇ ಬರೆದಿತ್ತು, ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್ ಅದು. ಅದನ್ನೂ ಸೆಲ್‌ಗೆ ತಂದೆ. ವರ್ಕ್‌ಬುಕ್ ಇರುವ ಜಾಗವನ್ನೇ ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ ವರ್ಕ್‌ಬುಕ್ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಸಂಗ್ರಹ) ಜೊತೆ ಸಿಂಕ್ ಆಗುವ ಫೋಲ್ಡರಿನಲ್ಲಿದ್ದರೆ ಎಕ್ಸೆಲ್ ಡಿಸ್ಕಿನ ಪಾತ್ ಬದಲು ಇಂಟರ್ನೆಟ್ ವಿಳಾಸ ಕೊಡಬಹುದು, ಫೈಲ್‌ಎಕ್ಸಿಸ್ಟ್ಸ್ ಅದನ್ನು ಅರಿಯದು. ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಸಾಕು, ಪಾತ್ ಚಿಕ್ಕದಾಗಿರಲಿ. ಎಕ್ಸೆಲ್ ಫೋಲ್ಡರ್, ಹೆಸರು ಎಲ್ಲ ಸೇರಿ 218 ಅಕ್ಷರದವರೆಗೆ ಮಾತ್ರ ಒಪ್ಪುತ್ತದೆ.

ಹೆಸರಿನ ಬಾಲಕ್ಕೂ ಸೇವ್‌ಆ್ಯಸ್‌ಗೆ ಕೊಡುವ ಫೈಲ್ ಫಾರ್ಮ್ಯಾಟ್ ಸಂಖ್ಯೆಗೂ ಹೊಂದಿಕೆ ಇರಬೇಕು. ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ 51, ಮ್ಯಾಕ್ರೋ ಇರುವ ಎಕ್ಸ್‌ಎಲ್‌ಎಸ್‌ಎಂಗೆ 52. ಸೇವ್‌ಕಾಪಿಆ್ಯಸ್ (ನಕಲನ್ನು ಸೇವ್ ಮಾಡುವ ಆಜ್ಞೆ) ಬಳಸಿ ಎಕ್ಸ್‌ಎಲ್‌ಎಸ್‌ಎಂ ಫೈಲಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಬಾಲ ಅಂಟಿಸಿದರೆ ಫೈಲ್ ಹುಟ್ಟುತ್ತದೆ, ತೆರೆಯುವುದಿಲ್ಲ.

ಇನ್ನು ಸೇವ್ ಮಾಡುವ ಕ್ರಮ. ಮೊದಲು ಅದೇ ಹೆಸರಿನ ಫೈಲ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಅದನ್ನು ಮುಟ್ಟುವುದಿಲ್ಲ, ಹೆಸರಿನ ಕೊನೆಗೆ _2, ಅದೂ ಇದ್ದರೆ _3 ಸೇರಿಸುತ್ತದೆ. ತಿದ್ದಿದ ಬಟವಾಡೆಯೂ ಮೊದಲಿನದೂ ಎರಡೂ ಉಳಿಯುತ್ತವೆ. ಎಚ್ಚರಿಕೆ ತೋರಿಸುವ ಡಿಸ್‌ಪ್ಲೇಅಲರ್ಟ್ಸ್ ಆಫ್ ಮಾಡಿ ಹಳೆಯದರ ಮೇಲೆ ಬರೆಯುವ ಅಭ್ಯಾಸ ಬಹಳ ಜನರಿಗಿದೆ. ದುಡ್ಡಿನ ದಾಖಲೆಗೆ ಅದು ಬೇಡ. ಸೇವ್ ಆದ ಮೇಲೆ ಮತ್ತೊಮ್ಮೆ ಫೈಲ್‌ಎಕ್ಸಿಸ್ಟ್ಸ್. ಫೈಲ್ ನಿಜವಾಗಿಯೂ ಅಲ್ಲಿದೆ ಅಂತ ಖಾತ್ರಿಯಾದರೆ ಮಾತ್ರ ಮೂಲ ಶೀಟ್ ಖಾಲಿ. ಇಲ್ಲದಿದ್ದರೆ ಮ್ಯಾಕ್ರೋ ಅಲ್ಲಿಗೇ ನಿಲ್ಲುತ್ತದೆ, ಅಂಕಿಗಳು ಇದ್ದಲ್ಲೇ ಇರುತ್ತವೆ.

ಸದಸ್ಯರ ಚೀಟಿಗಳು

ಇದೇ ಸಮಯದಲ್ಲಿ ಪ್ರತಿ ಸದಸ್ಯರಿಗೂ ಪಿಡಿಎಫ್ ಚೀಟಿ ಬೇಕು ಅಂದರು. ಫೈಲಿಗೆ ಸದಸ್ಯರ ಹೆಸರೇ ಇಟ್ಟರೆ ಚೆನ್ನ ಅನ್ನಿಸುತ್ತದೆ. ಪಟ್ಟಿ ನೋಡಿದರೆ ಬ್ಯಾಂಕಿನಿಂದ ಬಂದ ಹೆಸರುಗಳಲ್ಲಿ "ಜಯಮ್ಮ ಡಬ್ಲ್ಯೂ/ಓ" ಅಂತ ಗಂಡನ ಹೆಸರು ಸೇರಿಸುವ ರೂಢಿ. ಮತ್ತೆ ಅದೇ ಓರೆಗೆರೆ! ಗೆರೆಯನ್ನು ರಿಪ್ಲೇಸ್ ಮಾಡಿ ತೆಗೆದರೂ, ಒಂದೇ ಊರಿನಲ್ಲಿ ಜಯಮ್ಮ ಒಬ್ಬರೇ ಇರುತ್ತಾರಾ? ಪಿಡಿಎಫ್ ಮಾಡುವ ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್ಡ್‌ಫಾರ್ಮ್ಯಾಟ್ ಹಳೆಯ ಫೈಲ್ ಇದ್ದರೆ ಕೇಳದೆಯೇ ಅದರ ಮೇಲೆ ಬರೆಯುತ್ತದೆ. ಎರಡನೆಯ ಜಯಮ್ಮನ ಚೀಟಿ ಮೊದಲನೆಯವರದ್ದನ್ನು ಅಳಿಸಿಬಿಡುತ್ತದೆ. ಅದಕ್ಕೇ ಹೆಸರು ಬಿಟ್ಟು ಸದಸ್ಯರ ಕೋಡ್ ನಂಬರ್ ಬಳಸಿದೆ. "000" ಅನ್ನುವ ಫಾರ್ಮ್ಯಾಟ್ ಕೊಟ್ಟರೆ 7 ಅನ್ನುವುದು 007 ಆಗುತ್ತದೆ. ಹೆಸರು ಚೀಟಿಯ ಒಳಗೆ ದೊಡ್ಡದಾಗಿ ಇದ್ದೇ ಇದೆ.

ಕಳೆದುಹೋದ ಅವಧಿಗಳು

ಸೇವ್ ಆಗದೆ ಹೋದ ಅವಧಿಗಳ ಪ್ರಿಂಟ್ ಪಟ್ಟಿಗಳು ಸಂಘದ ಬೀರುವಿನಲ್ಲಿದ್ದವು, ಸದಸ್ಯರ ಸಹಿಯೊಂದಿಗೆ. ಅವನ್ನು ನೋಡಿ ಒಂದೊಂದೇ ಅವಧಿಯನ್ನು ಮತ್ತೆ ಟೈಪ್ ಮಾಡಿಸಬೇಕಾಯಿತು. ಸೆಟ್ಟಿಂಗ್ ಶೀಟಿನಲ್ಲಿ ವರ್ಷ, ತಿಂಗಳು, ಅವಧಿ ಆರಿಸಿ, ಅಂಕಿ ತುಂಬಿ, ಬಟನ್ ಒತ್ತಿದರೆ ಆ ಅವಧಿಯ ಫೈಲ್ ಅದರದೇ ತಾರೀಖಿನ ಹೆಸರಿನಲ್ಲಿ ಫೋಲ್ಡರಿನಲ್ಲಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಹಳೆಯ ಮ್ಯಾಕ್ರೋ ಆಗಿದ್ದರೆ ಎಲ್ಲಕ್ಕೂ ಟೈಪ್ ಮಾಡಿದ ದಿನದ ತಾರೀಖೇ ಬರುತ್ತಿತ್ತು. ಪ್ರತಿ ಫೈಲಿನ ಒಟ್ಟು ಮೊತ್ತವನ್ನು ಬ್ಯಾಂಕ್ ಪಾಸ್‌ಬುಕ್ಕಿನ ಬಟವಾಡೆ ಮೊತ್ತದೊಂದಿಗೆ ಕಾರ್ಯದರ್ಶಿಯವರೇ ತಾಳೆ ನೋಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು, ಆಡಿಟ್‌ನವರಿಗೆ ಫೋಲ್ಡರ್ ಕೊಟ್ಟರು.